ವಾಣಿಯರ ಪೇಟೆಗೆ ಬಂದ ಪಾದ್ರಿಗಳು

ಕ್ರೈಸ್ತ ಮಿಷನ್ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಮಂಗಳೂರಿನ ಬಾಸೆಲ್ ಮಿಷನ್, ಕಿಟೆಲ್ ನಿಘಂಟು, ಹಂಚಿನ ಕಾರ್ಖಾನೆ. ಜೈನರೆಂದರೆ ಶ್ರವಣಬೆಳಗೊಳ, ಮೂಡುಬಿದಿರೆ, ಪಂಪ-ರನ್ನರ ಕಾವ್ಯ. ಈ ಲೇಖನ ಓದುವಷ್ಟು ಹೊತ್ತು ಇವೆರಡನ್ನೂ ಬದಿಗಿಡಿ. ನಾವು ಹೋಗಬೇಕಾದದ್ದು ಗುಜರಾತಿನ ಸೂರತ್‌ಗೆ, ಅಲ್ಲಿಂದ ಆಗ ಕಾಠಿಯಾವಾಡ ಎನ್ನುತ್ತಿದ್ದ ಸೌರಾಷ್ಟ್ರಕ್ಕೆ. 19ನೇ ಶತಮಾನದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ಬಂದ ಪಾದ್ರಿಗಳು ಅಲ್ಲಿ ಒಂದು ವರ್ತಕ ಸಮುದಾಯಕ್ಕೆ ಏಸುವಿನ ಸುವಾರ್ತೆ ಮುಟ್ಟಿಸಲು ಹೊರಟರು. ಜನ ಕೇಳಿದರು, ವಾದ ಮಾಡಿದರು, ಮಕ್ಕಳನ್ನು ಪಾದ್ರಿಗಳ ಶಾಲೆಗೂ ಕಳಿಸಿದರು. ದೀಕ್ಷಾಸ್ನಾನಕ್ಕೆ ಬಂದವರು ಮಾತ್ರ ತೀರಾ ವಿರಳ. ಹೀಗೇಕಾಯಿತು ಎಂಬುದನ್ನು ಈ ವಿಷಯಕ್ಕೆ ಹೊಸಬರಾದವರಿಗೆ ನಿಧಾನವಾಗಿ ಹೇಳುವುದು ನನ್ನ ಉದ್ದೇಶ. ದೇವರು, ಪಾಪ, ಮೋಕ್ಷದ ವಾದಗಳಿಂದ ಶುರುಮಾಡಿದರೆ ಇದು ಅರ್ಥವಾಗುವುದಿಲ್ಲ. ಆ ವಾದಗಳಿಗೆ ಬರೋಣ, ಆದರೆ ಅಡುಗೆಮನೆ, ಅಂಗಡಿ, ಮದುವೆಯ ಮಾತು ಮುಗಿದ ಮೇಲೆ.

ಮೊದಲು ಸಮುದಾಯ ಯಾವುದು ಎಂದು ತಿಳಿಯೋಣ. ಗುಜರಾತಿನ ವರ್ತಕ ಜಾತಿಗಳಿಗೆಲ್ಲ ಸೇರಿ ವಾಣಿಯಾ ಎಂಬ ಹೆಸರು. ಉತ್ತರದ ಕಡೆ ಬನಿಯಾ ಎನ್ನುತ್ತಾರೆ. ಒಳಗೆ ಇಳಿದರೆ ಶ್ರೀಮಾಳಿ, ಪೋರವಾಡ, ಮೋಢ, ಕಪೋಳ, ಓಸವಾಲ ಎಂಬ ಹಲವು ಜಾತಿಗಳು, ಅವುಗಳಲ್ಲಿ ಮತ್ತೆ ವೀಸಾ, ದಶಾ ಎಂಬ ಕವಲುಗಳು. ಇಲ್ಲಿ ಹೊಸಬರಿಗೆ ತಲೆಕೆಡುವ ಒಂದು ಸಂಗತಿಯಿದೆ. ಎಷ್ಟೋ ಕಡೆ ಒಂದೇ ಜಾತಿಯಲ್ಲಿ ಕೆಲವು ಮನೆಗಳು ಜೈನ, ಕೆಲವು ಮನೆಗಳು ವೈಷ್ಣವ. ಜೈನ ವಾಣಿಯರನ್ನು ಶ್ರಾವಕರೆಂದೂ ವೈಷ್ಣವ ವಾಣಿಯರನ್ನು ಮೇಶ್ರಿಗಳೆಂದೂ ಕರೆಯುತ್ತಿದ್ದರು. ಜಾತಿ ಒಂದೇ ಆದರೆ ಇವರ ನಡುವೆ ಹೆಣ್ಣು ಕೊಟ್ಟು ತರುವುದೂ ಉಂಟು. ವವಾಣಿಯಾ ಎಂಬ ಸಣ್ಣ ಬಂದರು ಊರಿನಲ್ಲಿ 1867ರಲ್ಲಿ ಹುಟ್ಟಿದ ಶ್ರೀಮದ್ ರಾಜಚಂದ್ರರ ಮನೆ ಇದಕ್ಕೆ ಒಳ್ಳೆಯ ಉದಾಹರಣೆ. ತಂದೆಯ ಕಡೆಯವರು ಕೃಷ್ಣಭಕ್ತರು, ತಾಯಿ ಜೈನ ಮನೆತನದಿಂದ ಬಂದವರು. ಹುಡುಗ ಎರಡೂ ಕಡೆಯ ಕಥೆ ಕೇಳಿ ಬೆಳೆದು ಮುಂದೆ ಜೈನ ಚಿಂತಕರಲ್ಲಿ ದೊಡ್ಡ ಹೆಸರಾದರು. ಈ ರಾಜಚಂದ್ರರು ನಮ್ಮ ಕಥೆಯಲ್ಲಿ ಮತ್ತೆ ಬರುತ್ತಾರೆ.

ನಮ್ಮ ಕಡೆಯ ಜೈನರಲ್ಲಿ ಬಹುಮಂದಿ ದಿಗಂಬರರು. ಬೆಳಗಾವಿ ಸೀಮೆಯಲ್ಲಿ, ದಕ್ಷಿಣ ಕನ್ನಡದಲ್ಲಿ ಅವರಲ್ಲಿ ಬೇಸಾಯಗಾರರೇ ಹೆಚ್ಚು. ಗುಜರಾತಿನ ಜೈನರಲ್ಲಿ ಶ್ವೇತಾಂಬರರು ಹೆಚ್ಚು, ಅವರ ಕಸುಬು ವ್ಯಾಪಾರ ಮತ್ತು ಲೇವಾದೇವಿ. ಅಲ್ಲಿನ ವೈಷ್ಣವ ವಾಣಿಯರಲ್ಲಿ ಬಹಳ ಮಂದಿ ವಲ್ಲಭಾಚಾರ್ಯರ ಪುಷ್ಟಿಮಾರ್ಗದವರು. ಒಬ್ಬರದು ಸೃಷ್ಟಿಕರ್ತನೇ ಇಲ್ಲದ ದರ್ಶನ. ಇನ್ನೊಬ್ಬರದು ಬಾಲಕೃಷ್ಣನಿಗೆ ದಿನವಿಡೀ ಸೇವೆ ಸಲ್ಲಿಸುವ ಭಕ್ತಿ. ಪುಸ್ತಕದಲ್ಲಿ ಓದಿದರೆ ಇಬ್ಬರೂ ಅಜಗಜಾಂತರ ದೂರ. ಬದುಕಿನಲ್ಲಿ ನೋಡಿದರೆ ಇಬ್ಬರ ಮನೆಯಲ್ಲೂ ಮಾಂಸ-ಮದ್ಯ ಇಲ್ಲ, ಇಬ್ಬರ ಹೆಂಗಸರೂ ಉಪವಾಸ-ವ್ರತಗಳಲ್ಲಿ ಕಟ್ಟುನಿಟ್ಟು, ಇಬ್ಬರೂ ಮುದಿ ದನಗಳಿಗೆ ನೆಲೆಯಾದ ಪಾಂಜರಾಪೋಳಕ್ಕೆ ವಂತಿಗೆ ಕೊಡುವವರು. ಊರಿನ ವರ್ತಕರ ಸಂಘವಾದ ಮಹಾಜನದಲ್ಲಿ ಇಬ್ಬರೂ ಒಟ್ಟಿಗೆ ಕೂರುತ್ತಾರೆ. ಪಾದ್ರಿಗಳು ಬಂದಾಗ ಅವರಿಗೆ ಎದುರಾದದ್ದು ಹೀಗೆ ಎರಡು ಧರ್ಮಗಳನ್ನು ಒಂದೇ ಸೂರಿನಡಿ ಇಟ್ಟುಕೊಂಡು ಶತಮಾನಗಳಿಂದ ಸಂಸಾರ ಮಾಡಿದ ಜನ. ಇನ್ನೊಬ್ಬರ ದೇವರ ಮಾತು ಕೇಳುವುದು ಇವರಿಗೆ ಹೊಸತಲ್ಲ. ಗಾಂಧೀಜಿಯ ತಂದೆ ಕರಮಚಂದರು ಮೋಢ ವಾಣಿಯಾ, ವೈಷ್ಣವರು. ಆದರೂ ಅವರ ಮನೆಗೆ ಜೈನ ಸಾಧುಗಳು ಬರುತ್ತಿದ್ದರು, ಅಲ್ಲಿ ಆಹಾರ ಸ್ವೀಕರಿಸುತ್ತಿದ್ದರು. ಮುಸಲ್ಮಾನ, ಪಾರ್ಸಿ ಗೆಳೆಯರು ಬಂದು ತಮ್ಮ ತಮ್ಮ ಧರ್ಮದ ಮಾತಾಡುತ್ತಿದ್ದರು. ಹಾಸಿಗೆ ಹಿಡಿದಿದ್ದ ತಂದೆಯ ಶುಶ್ರೂಷೆ ಮಾಡುತ್ತ ಹುಡುಗ ಮೋಹನದಾಸ ಅದನ್ನೆಲ್ಲ ಕೇಳಿಸಿಕೊಂಡ.

ಇನ್ನು ಬಂದವರು ಯಾರೆಂದು ನೋಡೋಣ. 1815ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜೇಮ್ಸ್ ಸ್ಕಿನ್ನರ್ ಮತ್ತು ವಿಲಿಯಂ ಫೈವೀ ಸೂರತ್‌ನಲ್ಲಿ ಕೆಲಸ ಶುರುಮಾಡಿದರು. 1820ರ ದಶಕದ ಆರಂಭಕ್ಕೆ ಗುಜರಾತಿ ಬೈಬಲ್ ಅವರ ಕೈಯಿಂದ ಸಿದ್ಧವಾಯಿತು. ಬೊಂಬಾಯಿಯಲ್ಲಿ ಸ್ಕಾಟಿಷ್ ಮಿಷನ್ನಿನ ಜಾನ್ ವಿಲ್ಸನ್ 1832ರಲ್ಲಿ ಶಾಲೆ ತೆರೆದರು. ಇವತ್ತಿನ ವಿಲ್ಸನ್ ಕಾಲೇಜಿನ ಬೇರು ಅದೇ. ಈ ವಿಲ್ಸನ್ 1835ರಲ್ಲಿ ಕಾಠಿಯಾವಾಡ ಸುತ್ತಿದರು, ಗಿರ್ನಾರ್ ಬೆಟ್ಟದ ಬುಡದ ಬಂಡೆಯ ಬರಹ ನೋಡಿದರು. ಆ ಬರಹದ ಪ್ರತಿ ಅವರ ಮೂಲಕ ಜೇಮ್ಸ್ ಪ್ರಿನ್ಸೆಪ್ ಕೈಸೇರಿ, ಅಶೋಕನ ಶಾಸನಗಳನ್ನು ಓದುವುದಕ್ಕೆ ನೆರವಾಯಿತು. ಪಾದ್ರಿಯ ತಿರುಗಾಟದಿಂದ ಆದ ಉಪಕಾರಗಳ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು. ವಿಲ್ಸನ್ನರ ಒತ್ತಾಸೆಯಿಂದಲೇ ಐರ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆ ತನ್ನ ಮೊದಲ ಮಿಷನ್ನಿಗೆ ಕಾಠಿಯಾವಾಡವನ್ನು ಆರಿಸಿಕೊಂಡಿತು. ಜೇಮ್ಸ್ ಗ್ಲಾಸ್ಗೋ, ಅಲೆಕ್ಸಾಂಡರ್ ಕೆರ್ 1841ರಲ್ಲಿ ರಾಜಕೋಟೆಗೆ ಬಂದರು. ಕೆರ್ ಅದೇ ವರ್ಷ ತೀರಿಕೊಂಡರು. ಗ್ಲಾಸ್ಗೋ ಉಳಿದರು, ಅವರ ಹಿಂದೆ ಇನ್ನಷ್ಟು ಮಂದಿ ಬಂದರು. ಪೋರಬಂದರ, ಘೋಘಾ, ಸೂರತ್, ಅಹಮದಾಬಾದ್ ಹೀಗೆ ಠಾಣೆಗಳು ಹೆಚ್ಚಿದವು.

ಇವರಲ್ಲಿ ಒಬ್ಬರನ್ನು ಕನ್ನಡನಾಡಿನವರೆಂದೇ ಹೇಳಬಹುದು. ಜೋಸೆಫ್ ವಾನ್ ಸೋಮೆರೆನ್ ಟೇಲರ್ ಹುಟ್ಟಿದ್ದು 1820ರಲ್ಲಿ, ಬಳ್ಳಾರಿಯಲ್ಲಿ. ಅವರ ತಂದೆ ಅಲ್ಲಿಯೂ ಆಮೇಲೆ ಬೆಳಗಾವಿಯಲ್ಲಿಯೂ ಲಂಡನ್ ಮಿಷನ್ನಿನ ಪಾದ್ರಿ. ಮಗ ಗುಜರಾತಿಗೆ ಹೋಗಿ, ಆ ಭಾಷೆಯಲ್ಲಿ ಮುಳುಗಿ, 1860ರ ದಶಕದಲ್ಲಿ ಬರೆದ ಗುಜರಾತಿ ವ್ಯಾಕರಣದಿಂದ ಅಲ್ಲಿನ ಶಾಲೆಗಳಿಗೆಲ್ಲ ಪರಿಚಿತರಾದರು. ಧಾತುಗಳ ಸಂಗ್ರಹ ಮಾಡಿದರು, ಭಜನೆಯ ಮಟ್ಟಿನಲ್ಲಿ ಕ್ರೈಸ್ತ ಹಾಡು ಕಟ್ಟಿದರು. ಗುಜರಾತಿ ವ್ಯಾಕರಣದ ಪಿತಾಮಹ ಎಂದು ಅವರನ್ನು ಗುಜರಾತಿಗರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಕಿಟೆಲ್ಲರನ್ನು ನಾವು ನೆನೆಯುವುದೂ ಹಾಗೆಯೇ ಅಲ್ಲವೆ? ಅವರ ಧರ್ಮಪ್ರಚಾರವನ್ನು ಒಪ್ಪದವರೂ ಅವರ ನಿಘಂಟಿಗೆ ಕೈಮುಗಿಯುತ್ತಾರೆ.

ಈಗ ಒಬ್ಬ ವಾಣಿಯಾ ಯುವಕನನ್ನು ಊಹಿಸಿಕೊಳ್ಳಿ. ಹೆಸರು ಬೇಡ. ಮಿಷನ್ ಶಾಲೆಯಲ್ಲಿ ಓದಿದ್ದಾನೆ, ಮತ್ತಾಯನ ಸುವಾರ್ತೆಯ ಪರ್ವತ ಪ್ರಸಂಗ ಅವನ ಮನಸ್ಸಿಗೆ ನಾಟಿದೆ, ದೀಕ್ಷಾಸ್ನಾನ ಪಡೆಯಬೇಕೆಂದಿದ್ದಾನೆ. ನೀರು ತಲೆಯ ಮೇಲೆ ಬಿದ್ದ ದಿನದಿಂದ ಅವನ ಪಾಡೇನು? ಮನೆಯ ಅಡುಗೆಕೋಣೆಗೆ ಹೋಗುವಂತಿಲ್ಲ. ತಾಯಿ ನೀರು ಕೊಟ್ಟರೆ ಆಕೆಯೂ ಜಾತಿಯಿಂದ ಹೊರಗೆ. ತಂಗಿಗೆ ಗಂಡು ಸಿಗುವುದಿಲ್ಲ, ಏಕೆಂದರೆ ಜಾತಿಯ ಕವಲು ಸಣ್ಣದು, ಸುದ್ದಿ ಒಂದು ವಾರದಲ್ಲಿ ಊರೂರು ಮುಟ್ಟುತ್ತದೆ. ಹೆಂಡತಿಯನ್ನು ಅವಳ ತವರಿನವರು ಕರೆದುಕೊಂಡು ಹೋಗುತ್ತಾರೆ. ಇವಿಷ್ಟು ಬ್ರಾಹ್ಮಣನಿಗೂ ಪಟೇಲನಿಗೂ ಆಗುವಂಥದೇ. ವಾಣಿಯಾನಿಗೆ ಇನ್ನೊಂದಿದೆ, ಅದು ಅಂಗಡಿ.

ಈ ಅಂಗಡಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗಿನ ವರ್ತಕನ ಬಂಡವಾಳದಲ್ಲಿ ರೊಕ್ಕಕ್ಕಿಂತ ಹೆಚ್ಚಿನ ಪಾಲು ಅವನ ಆಬರೂ, ಅಂದರೆ ಪೇಟೆಯಲ್ಲಿ ಅವನ ಹೆಸರಿಗಿರುವ ಮರ್ಯಾದೆ. ಸೂರತ್‌ನಲ್ಲಿ ಬರೆದುಕೊಟ್ಟ ಹುಂಡಿ, ಅಂದರೆ ಹಣದ ಚೀಟಿ, ಭಾವನಗರದಲ್ಲಿ ನಗದಾಗಬೇಕಾದರೆ ಅಲ್ಲಿನ ಸರಾಫ ಬರೆದವನ ಮನೆತನವನ್ನು ನಂಬಬೇಕು. ಆ ನಂಬಿಕೆಗೆ ಆಧಾರ ಜಾತಿ. ಇವನು ಇಂಥವರ ಮಗ, ಇಂಥವರ ಅಳಿಯ, ಇವನು ಮುಳುಗಿದರೆ ಇವನ ಮಾವ ನಿಲ್ಲುತ್ತಾನೆ, ಮಹಾಜನ ಪಂಚಾಯಿತಿ ಮಾಡುತ್ತದೆ. ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡಿ ‘ಶ್ರೀ’ ಬರೆದೇ ಜಮಾ-ಖರ್ಚು ಶುರು. ಜಾತಿಯಿಂದ ಹೊರಬಿದ್ದವನಿಗೆ ಈ ಜಾಲದಲ್ಲಿ ಜಾಗವಿಲ್ಲ. ಅವನು ನೇಕಾರನಾಗಿದ್ದರೆ ಮಗ್ಗ ಹೊತ್ತು ಬೇರೆ ಊರಿಗೆ ಹೋಗುತ್ತಿದ್ದ. ವರ್ತಕ ಹೊತ್ತುಕೊಂಡು ಹೋಗುವುದು ಏನನ್ನು?

ಕಾನೂನು ಅವನ ಪರವಾಗಿಯೇ ಇತ್ತು. 1850ರ 21ನೇ ಕಾಯಿದೆಯ ಪ್ರಕಾರ ಧರ್ಮ ಬದಲಿಸಿದ್ದಕ್ಕೆ, ಜಾತಿಯಿಂದ ಹೊರಹಾಕಿಸಿಕೊಂಡದ್ದಕ್ಕೆ ಯಾರ ಆಸ್ತಿಹಕ್ಕೂ ಹೋಗುತ್ತಿರಲಿಲ್ಲ. ಅವಿಭಕ್ತ ಕುಟುಂಬದಿಂದ ತನ್ನ ಪಾಲನ್ನು ಅವನು ಕೋರ್ಟಿಗೆ ಹೋಗಿ ಪಡೆಯಬಹುದಿತ್ತು. ಆದರೆ ಮನೆಯವರ ಮೇಲೆ ದಾವೆ ಹೂಡಿ ಗೆದ್ದುಕೊಂಡ ಪಾಲಿನಿಂದ ಪೇಟೆಯಲ್ಲಿ ಅಂಗಡಿ ತೆರೆದರೆ ಅಲ್ಲಿಗೆ ಸಾಲ ತರುವವರು, ಸರಕು ಕೊಡುವವರು ಯಾರು? ಕೋರ್ಟು ಆಸ್ತಿ ಕೊಡಿಸಬಲ್ಲದು. ಆಬರೂ ಕೊಡಿಸುವುದು ಅದರ ಕೈಯಲ್ಲಿಲ್ಲ.

ಜಾತಿಯ ಈ ಬಿಗಿಯನ್ನು ಕಣ್ಣಾರೆ ಕಾಣಬೇಕೆಂದರೆ ಧರ್ಮ ಬದಲಿಸದವರ ಕಥೆಯನ್ನೇ ನೋಡಿ. 1888ರಲ್ಲಿ ಹದಿನೆಂಟು ವರ್ಷದ ಮೋಹನದಾಸ ಗಾಂಧಿ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೊರಟಿದ್ದ. ಹೊರಡುವ ಮುನ್ನ ತಾಯಿಯ ಸಮಾಧಾನಕ್ಕಾಗಿ ಮಾಂಸ, ಮದ್ಯ, ಸ್ತ್ರೀಸಂಗ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದ. ಪ್ರತಿಜ್ಞೆ ಮಾಡಿಸಿದವರು ಬೇಚರ್‌ಜಿ ಸ್ವಾಮಿ. ಹುಟ್ಟಿನಿಂದ ಮೋಢ ವಾಣಿಯಾ, ಆಗ ಜೈನ ಸಾಧು. ವೈಷ್ಣವ ತಾಯಿ ತನ್ನ ಮಗನ ಶೀಲವನ್ನು ಒಬ್ಬ ಜೈನ ಸಾಧುವಿನ ಮಾತಿನ ಮೇಲೆ ನಂಬಿದಳು. ಇಷ್ಟೆಲ್ಲ ಆದರೂ ಬೊಂಬಾಯಿಯ ಮೋಢ ವಾಣಿಯರು ಸಭೆ ಸೇರಿ ಸಮುದ್ರ ದಾಟಕೂಡದೆಂದರು. ಹುಡುಗ ಬಗ್ಗಲಿಲ್ಲ. ಜಾತಿಯ ಮುಖಂಡರಾದ ಶೇಠರು ಅವನನ್ನು ಜಾತಿಯಿಂದ ಹೊರಹಾಕಿದರು, ಅವನಿಗೆ ನೆರವಾದವರಿಗೆ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ವಿಧಿಸಿದರು. ತಿರುಗಿ ಬಂದ ಮೇಲೆ ನಾಸಿಕದಲ್ಲಿ ಸ್ನಾನ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಎಲ್ಲವೂ ನಡೆಯಿತು. ಆದರೂ ಜಾತಿಯ ಒಂದು ಪಕ್ಷ ಒಪ್ಪಲಿಲ್ಲ. ಹೀಗಾಗಿ ಗಾಂಧೀಜಿ ತಮ್ಮ ಅತ್ತೆ-ಮಾವನ ಮನೆಯಲ್ಲಿ, ಅಕ್ಕ-ಭಾವನ ಮನೆಯಲ್ಲಿ ನೀರು ಸಹ ಕುಡಿಯಲಿಲ್ಲ. ಅವರು ಗುಟ್ಟಾಗಿ ಕೊಡಲು ಸಿದ್ಧರಿದ್ದರು, ಇವರೇ ಬೇಡವೆಂದರು. ಹಡಗು ಹತ್ತಿದ್ದಕ್ಕೇ ಇಷ್ಟಾದರೆ ದೀಕ್ಷಾಸ್ನಾನಕ್ಕೆ ಏನಾಗುತ್ತಿತ್ತೆಂದು ಲೆಕ್ಕ ಹಾಕಿ.

ಪಾದ್ರಿಗಳಿಗೆ ಈ ತೊಂದರೆ ಗೊತ್ತಿರಲಿಲ್ಲವೆಂದಲ್ಲ. 1839ರಲ್ಲಿ ವಿಲ್ಸನ್ನರ ಶಾಲೆಯ ಇಬ್ಬರು ಪಾರ್ಸಿ ಹುಡುಗರು ಕ್ರೈಸ್ತರಾದಾಗ ಪಾರ್ಸಿ ಸಮುದಾಯ ಕೋರ್ಟು ಹತ್ತಿತು, ಶಾಲೆಯಿಂದ ಮಕ್ಕಳು ಗುಂಪುಗುಂಪಾಗಿ ಹೊರಟುಹೋದರು. ನಮ್ಮ ಮಂಗಳೂರಿನಲ್ಲಿ 1844ರಲ್ಲಿ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗಲೂ ಇದೇ ಬಗೆಯ ಕೋಲಾಹಲವಾಗಿತ್ತು. ಜಾತಿ ಕಳೆದುಕೊಂಡವರಿಗೆ ಅನ್ನದ ದಾರಿ ಮಾಡಲೆಂದೇ ಬಾಸೆಲ್ ಮಿಷನ್ ಮಗ್ಗಗಳನ್ನು ಹಾಕಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಐರಿಷ್ ಮಿಷನ್ನೂ ಕ್ರೈಸ್ತರಿಗಾಗಿ ಜಮೀನು ಪಡೆದು ಹೊಸ ಹಳ್ಳಿಗಳನ್ನು ಕಟ್ಟಿತು. ಗದ್ದೆ, ಮಗ್ಗ, ಹಂಚಿನ ಭಟ್ಟಿ ಇವು ಕೈಕೆಲಸ ಬಲ್ಲವರಿಗೆ ಆಸರೆ. ಗಾದಿಯ ಮೇಲೆ ಕೂತು ಬಡ್ಡಿ-ಹುಂಡಿ ಲೆಕ್ಕ ಬರೆದ ಮನೆಯ ಹುಡುಗನಿಗೆ ಇದರಲ್ಲಿ ಜಾಗ ಎಲ್ಲಿದೆ?

ಹಾಗಾದರೆ ಗುಜರಾತಿನಲ್ಲಿ ಕ್ರೈಸ್ತರಾದವರು ಯಾರು? ಬಹುಪಾಲು ಖೇಡಾ ಜಿಲ್ಲೆಯ ಚರೋತರ ಸೀಮೆಯ ವಣಕರರು, ಅಂದರೆ ಅಸ್ಪೃಶ್ಯರೆಂದು ಊರ ಹೊರಗಿಟ್ಟಿದ್ದ ನೇಕಾರರು, ಮತ್ತು ಅವರಂಥ ಬಡ ಸಮುದಾಯಗಳು. ವಿಕ್ರಮ ಸಂವತ್ 1956ರಲ್ಲಿ, ಅಂದರೆ 1899-1900ರಲ್ಲಿ, ‘ಛಪ್ಪನಿಯೋ’ ಎಂದು ಇಂದಿಗೂ ಕರೆಯುವ ಘೋರ ಬರ ಬಂತು. ಅನಾಥ ಮಕ್ಕಳನ್ನು ಮಿಷನ್‌ಗಳು ಸಾಕಿದವು, ಕ್ರೈಸ್ತ ಸಭೆಗಳು ಬೆಳೆದವು. ಇವರ ಮಟ್ಟಿಗೆ ಹೊಸ ಧರ್ಮ ಎಂದರೆ ಶಾಲೆ, ಔಷಧಿ, ತಲೆಯೆತ್ತಿ ನಡೆಯುವ ಅವಕಾಶ. ಆದರೆ ಇದರಿಂದಲೇ ವಾಣಿಯರಿಗೂ ಸಭೆಗೂ ಅಂತರ ಇನ್ನಷ್ಟು ಹೆಚ್ಚಿತು. ವಣಕರನ ಪಕ್ಕ ಕೂತು ಒಂದೇ ಪಾತ್ರೆಯಿಂದ ಪ್ರಭುಭೋಜನ ತೆಗೆದುಕೊಳ್ಳುವುದು ಅಂದಿನ ವಾಣಿಯಾನಿಗೆ ಊಹಿಸಲೂ ಆಗದ ಮಾತು. ಇದನ್ನು ನಾನು ಮೃದುಮಾಡಿ ಹೇಳಲಾರೆ. ಇರುವೆಗೆ ಹಿಟ್ಟು ಹಾಕುವ, ಮುದಿ ಎತ್ತಿಗೆ ಮೇವು ಕೊಡುವ ದಯೆ ಇದ್ದ ಕೇರಿಯಲ್ಲಿ ನೇಕಾರನಿಗೆ ಬಾವಿಯ ನೀರು ಸಿಗುತ್ತಿರಲಿಲ್ಲ. ಪಾದ್ರಿಗಳು ಈ ವಿಷಯದಲ್ಲಿ ಬೊಟ್ಟುಮಾಡಿದ್ದು ನ್ಯಾಯವೇ ಆಗಿತ್ತು.

ಈಗ ವಾದಗಳಿಗೆ ಬರೋಣ. ಪಾದ್ರಿಯ ಸುವಾರ್ತೆ ಮೂರು ಮೆಟ್ಟಿಲಿನದು. ಲೋಕವನ್ನು ಸೃಷ್ಟಿಸಿದ ದೇವರಿದ್ದಾನೆ, ಮನುಷ್ಯ ಪಾಪಿ, ಏಸು ತನ್ನ ರಕ್ತದಿಂದ ಆ ಪಾಪವನ್ನು ತೀರಿಸಿದ್ದಾನೆ. ಜೈನನೊಡನೆ ಮೊದಲ ಮೆಟ್ಟಿಲಲ್ಲೇ ಜಗಳ. ಲೋಕ ಅನಾದಿ, ಅದಕ್ಕೆ ಕರ್ತನಿಲ್ಲ. ತೀರ್ಥಂಕರ ದಾರಿ ತೋರಿಸುತ್ತಾನೆ, ಕೈಹಿಡಿದು ಎತ್ತುವುದಿಲ್ಲ. ಆತ್ಮಕ್ಕೆ ಅಂಟಿದ ಕರ್ಮವನ್ನು ತಪಸ್ಸಿನಿಂದ, ಸಂಯಮದಿಂದ ತಾನೇ ಉದುರಿಸಿಕೊಳ್ಳಬೇಕು. ಅವರವರ ಖಾತೆ ಅವರವರದು, ಒಬ್ಬನ ಬಾಕಿಯನ್ನು ಇನ್ನೊಬ್ಬ ತೀರಿಸುವಂತಿಲ್ಲ. ವೈಷ್ಣವನಿಗೆ ಮೊದಲ ಮೆಟ್ಟಿಲು ಸಲೀಸು. ಕೃಪೆ, ಶರಣಾಗತಿ ಅವನಿಗೆ ಮನೆಮಾತು. ಅವನು ತಡೆಯುವುದು ಮುಂದೆ: ಭಗವಂತ ಒಂದೇ ಸಲ, ಒಂದೇ ದೇಶದಲ್ಲಿ ಅವತರಿಸಿದ ಎನ್ನುವುದೇಕೆ? ನನ್ನ ಕೃಷ್ಣನನ್ನು ಬೈಯದೆ ನಿನ್ನ ಏಸುವನ್ನು ಹೊಗಳಲು ಬರುವುದಿಲ್ಲವೇ? ಹೊರಗೆ ಒಂದೇ ಜಾತಿಯಾಗಿ ಕಾಣುವ ಈ ಜನರಲ್ಲಿ ಯಾರೊಡನೆ ಯಾವ ಮಾತು ಎಂಬುದು ಬೀದಿಯಲ್ಲಿ ನಿಂತು ಬೋಧಿಸುವವನಿಗೆ ತಿಳಿಯುವುದು ಕಷ್ಟ.

ಬೈಗುಳದ ವಿಷಯ ಬಂತಲ್ಲ, ಗಾಂಧೀಜಿಯ ಆತ್ಮಕಥೆಯ ಒಂದು ಪ್ರಸಂಗ ಹೇಳಬೇಕು. ರಾಜಕೋಟೆಯ ಹೈಸ್ಕೂಲಿನ ಹತ್ತಿರ ನಿಂತು ಪಾದ್ರಿಗಳು ಹಿಂದೂ ದೇವತೆಗಳನ್ನು ನಿಂದಿಸುತ್ತಿದ್ದರೆಂದೂ, ಊರಿನ ಒಬ್ಬ ಪ್ರಸಿದ್ಧ ಹಿಂದೂ ಕ್ರೈಸ್ತನಾದಾಗ ಗೋಮಾಂಸ ತಿನ್ನಬೇಕಾಯಿತು, ಮದ್ಯ ಕುಡಿಯಬೇಕಾಯಿತು, ಹ್ಯಾಟು ಹಾಕಿ ಓಡಾಡತೊಡಗಿದನೆಂದು ಊರೆಲ್ಲ ಮಾತಾಗಿತ್ತೆಂದೂ ಅವರು ಬರೆದರು. 1926ರಲ್ಲಿ ಪಾದ್ರಿ ಎಚ್. ಆರ್. ಸ್ಕಾಟ್ ‘ಯಂಗ್ ಇಂಡಿಯಾ’ಕ್ಕೆ ಪತ್ರ ಬರೆದು, ಆ ಕಾಲದಲ್ಲಿ ರಾಜಕೋಟೆಯಲ್ಲಿದ್ದ ಮಿಷನರಿ ತಾನೇ, ಶಾಲೆಯ ಬಳಿ ತಾನು ಹಾಗೆ ಬೋಧಿಸಿಲ್ಲ, ಮಾಂಸ-ಮದ್ಯದ ಮಾತು ನಿಜವಲ್ಲ ಎಂದರು. ಗಾಂಧೀಜಿ ಪತ್ರವನ್ನು ಪ್ರಕಟಿಸಿದರು. ಹೊಸಬರು ಇಲ್ಲಿ ಎರಡನ್ನೂ ಕೈಯಲ್ಲಿ ಹಿಡಿದುಕೊಳ್ಳಬೇಕು. ಸ್ಕಾಟರ ನಿರಾಕರಣೆಯನ್ನು ತಳ್ಳಿಹಾಕಲು ಕಾರಣವಿಲ್ಲ. ಹುಡುಗನ ಕಿವಿಗೆ ಬಿದ್ದ ಊರ ಮಾತೂ ಇತಿಹಾಸವೇ. ವಾಣಿಯಾ ಮನೆಗಳಲ್ಲಿ ಕ್ರೈಸ್ತಧರ್ಮದ ಬಗ್ಗೆ ಇದ್ದ ಭಯದ ಮೂಲ ಸಿದ್ಧಾಂತದಲ್ಲಿ ಇರಲಿಲ್ಲ, ತಟ್ಟೆಯಲ್ಲಿ ಇತ್ತು.

ಈ ಸಂವಾದ ಅತ್ಯಂತ ಆಳಕ್ಕೆ ಹೋದದ್ದು ಗುಜರಾತಿನಲ್ಲಲ್ಲ, ದಕ್ಷಿಣ ಆಫ್ರಿಕದಲ್ಲಿ. 1893ರಲ್ಲಿ ಪ್ರಿಟೋರಿಯಾಕ್ಕೆ ಹೋದ ಗಾಂಧೀಜಿಗೆ ಅಲ್ಲಿನ ವಕೀಲ ಎ. ಡಬ್ಲ್ಯು. ಬೇಕರ್ ತಮ್ಮ ಪ್ರಾರ್ಥನಾ ಕೂಟಕ್ಕೆ ಆಹ್ವಾನ ಕೊಟ್ಟರು. ಕೋಟ್ಸ್ ಎಂಬ ಕ್ವೇಕರ್ ಯುವಕ ರಾಶಿ ಪುಸ್ತಕ ತಂದುಕೊಟ್ಟು, ಪ್ರತಿ ಭಾನುವಾರ ಚರ್ಚೆ ಮಾಡಿದ. ಒಂದು ದಿನ ಗಾಂಧೀಜಿಯ ಕೊರಳಲ್ಲಿದ್ದ ತುಳಸಿ ಮಣಿಯ ಸರ ಅವನ ಕಣ್ಣಿಗೆ ಬಿತ್ತು. ಇದು ಮೂಢನಂಬಿಕೆ, ಬಾ ಕಿತ್ತುಹಾಕುತ್ತೇನೆ ಎಂದ. ಬೇಡ, ಇದು ತಾಯಿ ಕೊಟ್ಟದ್ದು ಎಂದರು ಗಾಂಧೀಜಿ. ಅದರ ಮಹಿಮೆ ನನಗೆ ತಿಳಿಯದು, ಆದರೆ ಪ್ರೀತಿಯಿಂದ ಹಾಕಿದ್ದನ್ನು ಕಾರಣವಿಲ್ಲದೆ ತೆಗೆಯಲಾರೆ, ತಾನಾಗಿ ಸವೆದು ಹರಿದರೆ ಹೊಸದು ಹಾಕಿಕೊಳ್ಳುವುದಿಲ್ಲ. ಈ ಉತ್ತರದಲ್ಲಿ ತರ್ಕದ ಸೊಕ್ಕಿಲ್ಲ, ಧರ್ಮದ ಹಟವೂ ಇಲ್ಲ. ತಾಯಿಯ ಮಾತು ಎಷ್ಟು ತೂಗುತ್ತದೆಂದು ಕೋಟ್ಸ್‌ಗೆ ತಿಳಿಯಲಿಲ್ಲ. ಹಾಗೆಂದು ಅವನು ಕೆಟ್ಟವನಲ್ಲ. ಅವನ ಸ್ನೇಹವನ್ನು ಗಾಂಧೀಜಿ ಅಕ್ಕರೆಯಿಂದ ನೆನೆದರು.

ಬೇಕರ್ ಗಾಂಧೀಜಿಯನ್ನು ವೆಲಿಂಗ್ಟನ್ನಿನ ದೊಡ್ಡ ಕ್ರೈಸ್ತ ಸಮ್ಮೇಳನಕ್ಕೂ ಕರೆದೊಯ್ದರು. ಅಲ್ಲಿನ ಭಕ್ತಿ ಗಾಂಧೀಜಿಯ ಮನಸ್ಸನ್ನು ಮುಟ್ಟಿತು. ಏಸುವನ್ನು ಗೌರವಿಸಿದರು, ದೇವರ ಏಕಮಾತ್ರ ಪುತ್ರನೆಂದು ಒಪ್ಪಲಾಗಲಿಲ್ಲ. ಹಿಂದೂ ಧರ್ಮದ ಅಸ್ಪೃಶ್ಯತೆಯೂ ಅವರನ್ನು ಚುಚ್ಚುತ್ತಿತ್ತು. ಈ ತೊಳಲಾಟದಲ್ಲಿ ಅವರು ಬರೆದದ್ದು ಬೊಂಬಾಯಿಯಲ್ಲಿ ಮುತ್ತುರತ್ನದ ವ್ಯಾಪಾರ ಮಾಡುತ್ತಿದ್ದ ರಾಜಚಂದ್ರರಿಗೆ. ಇಪ್ಪತ್ತೇಳು ಪ್ರಶ್ನೆಗಳು. ಆತ್ಮ ಎಂದರೇನು, ದೇವರು ಜಗತ್ಕರ್ತನೇ, ಮೋಕ್ಷ ಎಂದರೇನು, ಕ್ರೈಸ್ತಧರ್ಮದ ಬಗ್ಗೆ ನಿಮ್ಮ ಅಭಿಪ್ರಾಯವೇನು, ಹಾವು ಕಚ್ಚಲು ಬಂದರೆ ಕೊಲ್ಲಬೇಕೇ ಬಿಡಬೇಕೇ. 1894ರ ಅಕ್ಟೋಬರಿನಲ್ಲಿ ಉತ್ತರ ಬಂತು. ಒಂದೊಂದಕ್ಕೂ ಸಾವಧಾನದ ವಿವರ, ಎಲ್ಲಿಯೂ ಪರನಿಂದೆ ಇಲ್ಲ. ದೇಹ ನಶ್ವರವೆಂದು ನಿಜವಾಗಿ ತಿಳಿದವನು ಅದನ್ನು ಉಳಿಸಿಕೊಳ್ಳಲು ಹಾವನ್ನು ಕೊಲ್ಲುವುದೇಕೆ ಎಂಬುದು ಹಾವಿನ ಪ್ರಶ್ನೆಗೆ ಸಿಕ್ಕ ಉತ್ತರದ ತಿರುಳು. ಉತ್ತರದ ಜೊತೆಗೆ, ತಾಳ್ಮೆಯಿಂದ ಹಿಂದೂ ಧರ್ಮವನ್ನು ಆಳವಾಗಿ ಓದು ಎಂಬ ಸಲಹೆ. ಅವರು ಕಳಿಸಿದ ಪುಸ್ತಕಗಳನ್ನು ನೋಡಿ: ಪಂಚೀಕರಣ, ಮಣಿರತ್ನಮಾಲಾ, ಯೋಗವಾಸಿಷ್ಠದ ಮುಮುಕ್ಷು ಪ್ರಕರಣ ಇವು ವೇದಾಂತದ ಕಡೆಯವು. ಹರಿಭದ್ರಸೂರಿಯ ಷಡ್ದರ್ಶನ ಸಮುಚ್ಚಯ ಜೈನ ಆಚಾರ್ಯನದು. ತನ್ನನ್ನು ನಂಬಿ ಬಂದ ವೈಷ್ಣವ ಗೆಳೆಯನನ್ನು ಜೈನನನ್ನಾಗಿ ಮಾಡಲು ರಾಜಚಂದ್ರರು ಹೊರಡಲಿಲ್ಲ. ಮಿಷನರಿ ಎದುರಿಸಬೇಕಾದ ನಿಜವಾದ ಶಕ್ತಿ ಇದಾಗಿತ್ತು ಎಂದು ನನ್ನ ದೃಢವಾದ ಅಭಿಪ್ರಾಯ. ಶೇಠರ ದಂಡಕ್ಕಿಂತ ಇದು ದೊಡ್ಡದು. ದಂಡಕ್ಕೆ ಹೆದರದ ಹುಡುಗನನ್ನು ತಡೆದು ನಿಲ್ಲಿಸಿದ್ದು ಈ ಪತ್ರ.

ಪ್ರಚಾರ ಸೋತಿತು, ಹಾಗಾದರೆ ಮಿಷನ್ನಿನಿಂದ ವಾಣಿಯರಲ್ಲಿ ಏನೂ ಬದಲಾಗಲಿಲ್ಲವೇ? ಬಹಳ ಬದಲಾಯಿತು. ಕಪೋಳ ವಾಣಿಯಾ ಕರಸನದಾಸ್ ಮೂಳಜಿ ವಿಧವಾವಿವಾಹದ ಪರ ಪ್ರಬಂಧ ಬರೆದದ್ದಕ್ಕೆ ಸಾಕಿದ ಮನೆಯಿಂದಲೇ ಹೊರಬಿದ್ದವರು. ‘ಸತ್ಯಪ್ರಕಾಶ’ ಪತ್ರಿಕೆಯಲ್ಲಿ 1860ರಲ್ಲಿ ಪುಷ್ಟಿಮಾರ್ಗದ ಕೆಲವು ಮಹಾರಾಜರ, ಅಂದರೆ ಗುರುಗಳ, ದುರಾಚಾರದ ವಿರುದ್ಧ ಬರೆದರು. ಐವತ್ತು ಸಾವಿರ ರೂಪಾಯಿಯ ಮಾನನಷ್ಟ ಮೊಕದ್ದಮೆ ಬಿತ್ತು. 1862ರಲ್ಲಿ ಕರಸನದಾಸ್ ಗೆದ್ದರು. 2024ರ ‘ಮಹಾರಾಜ್’ ಸಿನಿಮಾ ನೋಡಿದವರಿಗೆ ಕಥೆ ಗೊತ್ತಿರುತ್ತದೆ. ಆ ಮೊಕದ್ದಮೆಯಲ್ಲಿ ಅವರ ಪರ ಸಾಕ್ಷಿ ಹೇಳಿದವರಲ್ಲಿ ಪಾದ್ರಿ ಜಾನ್ ವಿಲ್ಸನ್ ಒಬ್ಬರು. ಕರಸನದಾಸ್ ಕ್ರೈಸ್ತರಾಗಲಿಲ್ಲ. ತನ್ನ ಮನೆಯ ಕೊಳೆಯನ್ನು ತಾನೇ ತೊಳೆಯುವ ಧೈರ್ಯ ಹೊಸ ಶಿಕ್ಷಣದಿಂದ ಬಂತು, ಪಾದ್ರಿಯ ಟೀಕೆ ಅದನ್ನು ಚುರುಕುಗೊಳಿಸಿತು.

ಜೈನರಲ್ಲಿ ಈ ಚುರುಕು ಬೇರೆ ರೂಪ ತಳೆಯಿತು. ಮಹುವಾದಲ್ಲಿ 1864ರಲ್ಲಿ ಹುಟ್ಟಿದ ವೀರಚಂದ ರಾಘವಜಿ ಗಾಂಧಿ ಪದವೀಧರರಾಗಿ ಜೈನ ಸಂಘಟನೆಯ ಕಾರ್ಯದರ್ಶಿಯಾದರು. 1893ರ ಷಿಕಾಗೊ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದದ್ದು ಆಚಾರ್ಯ ಆತ್ಮಾರಾಮಜಿಗೆ. ಜೈನ ಮುನಿ ಹಡಗು ಹತ್ತುವಂತಿಲ್ಲ, ಹಾಗಾಗಿ ವೀರಚಂದರು ಹೋದರು. ನಾವು ವಿವೇಕಾನಂದರೊಬ್ಬರನ್ನೇ ನೆನೆಯುವ ಆ ವೇದಿಕೆಯಲ್ಲಿ ಕಾಠಿಯಾವಾಡಿ 		ಪೇಟ ಸುತ್ತಿದ ಈ ಜೈನ ವಾಣಿಯಾ ತನ್ನ ಧರ್ಮದ ಪರಿಚಯ ಮಾಡಿದರು. ಒಬ್ಬ ಪಾದ್ರಿ ಹಿಂದೂಗಳನ್ನು ಹಳಿದಾಗ ಎದ್ದುನಿಂತು ಉತ್ತರಿಸಿದವರೂ ಅವರೇ. ತನ್ನ ಮೇಲೆ ಬೀಳದ ಏಟಿಗೆ ಅವರು ಅಡ್ಡನಿಂತರು. ಎರಡು ಧರ್ಮ ಒಂದು ಜಾತಿ ಎಂದು ಮೊದಲಲ್ಲಿ ಹೇಳಿದ್ದು ಷಿಕಾಗೊದಲ್ಲೂ ಕೆಲಸ ಮಾಡಿತು. 1901ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ರಾಜಚಂದ್ರರು ತೀರಿಕೊಂಡದ್ದೂ ಅದೇ ವರ್ಷ.

ಪಾದ್ರಿಗಳ ಕಡೆಯಿಂದ ಜೈನರನ್ನು ಹತ್ತಿರದಿಂದ ಕಂಡವರು ರಾಜಕೋಟೆಯ ಐರಿಷ್ ಮಿಷನ್ನಿನ ಮಾರ್ಗರೆಟ್ ಸ್ಟೀವನ್ಸನ್. ಹೆಂಗಸಾದ್ದರಿಂದ ಗಂಡಸು ಪಾದ್ರಿಗೆ ತೆರೆಯದ ಒಳಮನೆ ಅವರಿಗೆ ತೆರೆಯಿತು. ವ್ರತ, ಉಪವಾಸ, ಮಕ್ಕಳ ನಾಮಕರಣ, ಸಾಧ್ವಿಯರ ದಿನಚರಿ ಎಲ್ಲವನ್ನೂ ಜೈನ ಪಂಡಿತರ ನೆರವಿನಿಂದ ದಾಖಲಿಸಿದರು. 1915ರಲ್ಲಿ ಬಂದ ಅವರ ‘ದಿ ಹಾರ್ಟ್ ಆಫ್ ಜೈನಿಸಂ’ ಇಂದಿಗೂ ವಿದ್ವಾಂಸರ ಮೇಜಿನ ಮೇಲಿದೆ. ಆದರೆ ಕೊನೆಯ ಅಧ್ಯಾಯದಲ್ಲಿ, ಉದ್ಧರಿಸುವ ದೇವರಿಲ್ಲದ ಈ ಧರ್ಮದ ಹೃದಯ ಬರಿದು ಎಂದು ತೀರ್ಪು ಕೊಟ್ಟುಬಿಟ್ಟರು. ಜೈನ ವಿದ್ವಾಂಸರು ನೊಂದರು, ಖಂಡಿಸಿ ಬರೆದರು. ಅಷ್ಟು ಅಕ್ಕರೆಯಿಂದ ನೋಡಿದ ಕಣ್ಣು ಕೊನೆಯಲ್ಲಿ ಏಕೆ ಮುಚ್ಚಿತು ಎಂದು ನನಗೂ ಆ ಪುಸ್ತಕ ಓದುವಾಗಲೆಲ್ಲ ಬೇಸರವಾಗುತ್ತದೆ. ಸಂಥಾರಾ, ಅಂದರೆ ಸಲ್ಲೇಖನ ವ್ರತ, ಹಿಡಿದು ಶಾಂತವಾಗಿ ದೇಹ ಬಿಡುವ ಮುದುಕಿಯ ಎದೆ ಬರಿದೆಂದು ಹೇಳುವುದು ಹೇಗೆ?

ಸ್ವಾತಂತ್ರ್ಯದ ನಂತರ ಬೇರೊಂದು ಬಗೆಯ ಪಾದ್ರಿ ಬಂದರು. ಸ್ಪೇನಿನಲ್ಲಿ 1925ರಲ್ಲಿ ಹುಟ್ಟಿದ ಜೆಸ್ವಿಟ್ ಕಾರ್ಲೋಸ್ ವಾಲೇಸ್, ಮದ್ರಾಸಿನಲ್ಲಿ ಗಣಿತ ಓದಿ, 1960ರಲ್ಲಿ ಅಹಮದಾಬಾದಿನ ಸೇಂಟ್ ಝೇವಿಯರ್ ಕಾಲೇಜಿಗೆ ಮೇಷ್ಟ್ರಾದರು. ಗುಜರಾತಿ ಕಲಿತು ಪ್ರಬಂಧ ಬರೆದರು. ಆಮೇಲೆ ಕಾಲೇಜಿನ ವಸತಿ ಬಿಟ್ಟು, ಹಳೆ ಊರಿನ ಪೋಳಗಳಿಗೆ, ಅಂದರೆ ಒಂದೇ ಬಾಗಿಲಿನ ಒತ್ತೊತ್ತು ಓಣಿಗಳಿಗೆ, ಹಾಸಿಗೆ ಹೊತ್ತು ಹೋದರು. ಮನೆಯಿಂದ ಮನೆಗೆ ಹೋಗಿ, ಕೆಲವು ದಿನ ನಿಮ್ಮಲ್ಲಿ ಇರಲೇ ಎಂದು ಕೇಳಿ, ಅವರು ಬಡಿಸಿದ್ದನ್ನು ಉಂಡು, ಅವರೊಡನೆ ನೆಲದ ಮೇಲೆ ಮಲಗಿದರು. ವರ್ಷಗಟ್ಟಲೆ ಹೀಗೆಯೇ ಬದುಕಿದರು. ನೂರು ವರ್ಷ ಹಿಂದೆ ತಟ್ಟೆಯ ಕಾರಣಕ್ಕೆ ದೂರವಿದ್ದ ಮನೆಗಳಲ್ಲಿ ಅವರು ತಟ್ಟೆ ಮುಂದಿಟ್ಟು ಕೂತರು. 1978ರಲ್ಲಿ ಗುಜರಾತಿ ಸಾಹಿತ್ಯದ ದೊಡ್ಡ ಗೌರವವಾದ ರಣಜಿತರಾಮ ಸುವರ್ಣ ಚಂದ್ರಕ ಅವರಿಗೆ ಬಂತು. ಆ ಪದಕ ಪಡೆದ ಮೊದಲ ವಿದೇಶಿ ಅವರು. 2020ರಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡಾಗ ಗುಜರಾತಿಗರು ಮನೆಯವರನ್ನೇ ಕಳೆದುಕೊಂಡಂತೆ ಮರುಗಿದರು.

ಇವತ್ತು ಈ ವಿಷಯ ಪೇಟೆಯಿಂದ ಕಾನೂನಿನ ಪುಸ್ತಕಕ್ಕೆ ದಾಟಿದೆ. ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿ ಹಿಂದೂ ಎಂಬುದರೊಳಗೆ ಜೈನರನ್ನೂ ಸೇರಿಸಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಯೂ ಜೈನರಿಗೆ ಅನ್ವಯಿಸುತ್ತದೆ. ಅದರ ಪ್ರಕಾರ ಮತಾಂತರವಾದವನ ಹಕ್ಕು ಹೋಗುವುದಿಲ್ಲ. ಆದರೆ ಮತಾಂತರದ ನಂತರ ಹುಟ್ಟಿದ ಮಕ್ಕಳು, ಉತ್ತರಾಧಿಕಾರ ತೆರೆದುಕೊಳ್ಳುವ ಹೊತ್ತಿಗೆ ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ. ಕೂಡುಕುಟುಂಬದ ಹೆಸರಲ್ಲೇ ವ್ಯಾಪಾರ ನಡೆಸುವ ಮನೆಗಳಿಗೆ ಇದು ಸಣ್ಣ ಮಾತಲ್ಲ. ಗುಜರಾತಿನಲ್ಲಿ 2003ರಲ್ಲಿ ಮತಾಂತರ ನಿಯಂತ್ರಣ ಕಾಯಿದೆ ಬಂತು. 2006ರಲ್ಲಿ ಅದಕ್ಕೆ ತಂದ ತಿದ್ದುಪಡಿ ಮಸೂದೆಯಲ್ಲಿ ಜೈನ, ಬೌದ್ಧಗಳನ್ನು ಹಿಂದೂ ಧರ್ಮದ ಪಂಗಡಗಳೆಂದು ಕರೆಯಲಾಯಿತು. ಕೆಥೋಲಿಕ್, ಪ್ರೊಟೆಸ್ಟೆಂಟ್‌ಗಳನ್ನು ಒಂದೇ ಧರ್ಮದ ಪಂಗಡಗಳೆಂದು ಸೇರಿಸಲಾಯಿತು. ಜೈನರೂ ಕ್ರೈಸ್ತರೂ ಇಬ್ಬರೂ ಆಕ್ಷೇಪಿಸಿದರು. ರಾಜ್ಯಪಾಲರು ಮಸೂದೆಯನ್ನು ಹಿಂದಿರುಗಿಸಿದರು, 2008ರಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ, ಹುಬ್ಬಳ್ಳಿಯ ಪೇಟೆಯಲ್ಲಿ ಅಂಗಡಿಯಿಟ್ಟಿರುವ ಗುಜರಾತಿ, ಮಾರವಾಡಿ ಮನೆಗಳಲ್ಲಿ ಮಗ ಕಾಗದದ ಮೇಲೆ ಜೈನ ಎಂದು ಬರೆಸಬಹುದು, ಸೊಸೆ ವೈಷ್ಣವ ತವರಿನಿಂದ ಬಂದಿರಬಹುದು, ಮಕ್ಕಳು ಕಾನ್ವೆಂಟಿಗೆ ಹೋಗುತ್ತಿರಬಹುದು.